ಬರೆಸಿಕೊಂಡವರು ಮತ್ತು ಬರೆದುಕೊಂಡವರು

ಪ್ರಶ್ನೆ: ರೆನೆಸಾನ್ಸ್ ಎನ್ನುವ ಯೂರೋಪಿನ ಪುನರುಜ್ಜೀವನ ಕಾಲದ ಚಿತ್ರಗಳನ್ನು ನೋಡುವಾಗ ಒಂದು ಸಂಗತಿ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. 15ನೆಯ ಶತಮಾನದ ಫ್ಲಾರೆನ್ಸಿನ ಭಾವಚಿತ್ರಗಳಲ್ಲಿ ಹೆಂಗಸರು ಸಾಮಾನ್ಯವಾಗಿ ಪಕ್ಕಕ್ಕೆ ತಿರುಗಿರುತ್ತಾರೆ, ನೋಡುವವರತ್ತ ಕಣ್ಣು ಹಾಯಿಸುವುದೇ ಇಲ್ಲ. ನೂರು ವರ್ಷ ಕಳೆಯುವಷ್ಟರಲ್ಲಿ ಸೊಫೊನಿಸ್ಬಾ ಅಂಗ್ವಿಸ್ಸೋಲಾಳಂಥ ಕಲಾವಿದೆ ತನ್ನ ಚಿತ್ರದೊಳಗಿಂದ ನಮ್ಮನ್ನೇ ದಿಟ್ಟಿಸುತ್ತಾಳೆ. ಹೆಂಗಸರು ತಾವೇ ಕುಂಚ ಹಿಡಿದದ್ದರಿಂದ ಈ ಬದಲಾವಣೆಯಾಯಿತು ಎನ್ನಬಹುದೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಎಳೆಗಳು ಹೆಣೆದುಕೊಂಡಿವೆ. ಪಕ್ಕಕ್ಕಿದ್ದ ಮುಖ ನಮ್ಮತ್ತ ತಿರುಗಿದ್ದು ಒಂದು, ಹೆಂಗಸರು ತಮ್ಮ ಚಿತ್ರವನ್ನು ತಾವೇ ಬರೆದುಕೊಳ್ಳತೊಡಗಿದ್ದು ಇನ್ನೊಂದು. ಮೊದಲನೆಯದು ಎರಡನೆಯದಕ್ಕಿಂತ ಸುಮಾರು ಎರಡು ತಲೆಮಾರು ಹಿಂದಿನದು, ಮತ್ತು ಅದು ಗಂಡಸರ ಚಿತ್ರಶಾಲೆಗಳಲ್ಲಿ ಗಂಡಸರ ಕೈಯಿಂದಲೇ ನಡೆದದ್ದು. ಆದ್ದರಿಂದ ಕುಂಚ ಹಿಡಿದ ಹೆಣ್ಣೇ ಆ ಮುಖವನ್ನು ತಿರುಗಿಸಿದಳು ಎನ್ನಲು ಬರುವುದಿಲ್ಲ. ಕಲಾವಿದೆಯರಿಂದಾದ ಬದಲಾವಣೆ ಬೇರೆಯದು, ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು. ಅದನ್ನು ಕಾಣಬೇಕಾದರೆ ಚಿತ್ರದಲ್ಲಿರುವವಳ ಕಣ್ಣುಗಳನ್ನು ನೋಡಿದರಷ್ಟೇ ಸಾಲದು, ಚಿತ್ರದೊಳಗಿರುವ ಅಕ್ಷರಗಳನ್ನೂ ಓದಬೇಕು. ಆ ಕಾಲದ ಭಾವಚಿತ್ರಗಳಲ್ಲಿ ಗೋಡೆಗೆ ಅಂಟಿಸಿದ ಚೀಟಿಯಲ್ಲಿ, ಚೌಕಟ್ಟಿನ ಮೇಲೆ, ತೋಳಿನ ಅಂಚಿನಲ್ಲಿ, ಹಲಗೆಯ ಬೆನ್ನಿನಲ್ಲಿ ಬರಹವಿರುವುದುಂಟು. ಪುಸ್ತಕಗಳಲ್ಲಿ ಚಿತ್ರ ಚಿಕ್ಕದಾಗಿ ಅಚ್ಚಾದಾಗ ಮೊದಲು ಮಾಯವಾಗುವುದು ಈ ಬರಹವೇ, ಆದ್ದರಿಂದ ನಾವು ಅದನ್ನು ಓದದೆ ದಾಟಿಹೋಗುತ್ತೇವೆ.

ಈ ವಿಷಯವನ್ನು ಚರ್ಚಿಸಲು ಕನ್ನಡ ತುಂಬ ಅನುಕೂಲವಾದ ಭಾಷೆ. ಅಕ್ಷರವನ್ನೂ ನಾವು ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಹೆಣ್ಣೊಬ್ಬಳನ್ನು ಯಾರೋ ಬರೆಯಬಹುದು, ಅವಳು ತನ್ನನ್ನು ಬರೆಸಿಕೊಳ್ಳಬಹುದು, ಇಲ್ಲವೇ ತನ್ನನ್ನು ತಾನೇ ಬರೆದುಕೊಳ್ಳಬಹುದು. ನೀವು ಕೇಳಿರುವ ನೂರು ವರ್ಷಗಳಲ್ಲಿ ಆದದ್ದನ್ನು ಈ ಮೂರು ಕ್ರಿಯಾಪದಗಳನ್ನು ಹಿಡಿದು ವಿವರಿಸಲು ಪ್ರಯತ್ನಿಸುತ್ತೇನೆ.

ಮೊದಲು, ಪಕ್ಕಕ್ಕೆ ತಿರುಗಿದ ಹೆಂಗಸರು. ಮ್ಯಾಡ್ರಿಡ್‌ನ ಥೈಸೆನ್-ಬೊರ್ನೆಮಿಸಾ ಸಂಗ್ರಹಾಲಯದಲ್ಲಿ ದೊಮೆನಿಕೊ ಗಿರ್ಲಾಂದಾಯೊ ಬರೆದ ಜೊವಾನ್ನಾ ದೆಲ್ಯಿ ಅಲ್ಬಿತ್ಸಿಯ ಚಿತ್ರವಿದೆ. ಸುಮಾರು 77 ಸೆಂಟಿಮೀಟರ್ ಎತ್ತರ, 49 ಸೆಂಟಿಮೀಟರ್ ಅಗಲದ ಮರದ ಹಲಗೆ. ಜೊವಾನ್ನಾ ಹುಟ್ಟಿದ್ದು 1468ರಲ್ಲಿ. 1486ರಲ್ಲಿ, ಫ್ಲಾರೆನ್ಸಿನ ಆಡಳಿತವನ್ನು ಕೈಯಲ್ಲಿಟ್ಟುಕೊಂಡಿದ್ದ ಮೆಡಿಚಿಗಳ ಬಂಧುವರ್ಗದ ಶ್ರೀಮಂತ ತೊರ್ನಬೂವೊನಿ ಮನೆತನದ ಲೊರೆಂತ್ಸೊನನ್ನು ಮದುವೆಯಾದಳು. 1488ರಲ್ಲಿ, ಎರಡನೆಯ ಬಸಿರಿನಲ್ಲಿ, ಇಪ್ಪತ್ತು ತುಂಬುವ ಮುನ್ನವೇ ತೀರಿಕೊಂಡಳು. ಚಿತ್ರದಲ್ಲಿ ಅವಳು ನಮ್ಮ ಎಡಕ್ಕೆ ಮುಖ ಮಾಡಿ ನೆಟ್ಟಗೆ ನಿಂತಿದ್ದಾಳೆ. ಕತ್ತು ನೀಳವಾಗಿದೆ, ಕೂದಲನ್ನು ಹಿಂದೆ ಸುತ್ತಿ ಕಟ್ಟಿದೆ, ಕೆನ್ನೆಯ ಬದಿಗೆ ಕೆಲವು ಗುಂಗುರು ಎಳೆಗಳು ಇಳಿಬಿದ್ದಿವೆ, ಕೈಗಳು ಒಂದರ ಮೇಲೊಂದು ಮಡಚಿಕೊಂಡಿವೆ. ಕಸೂತಿಯ ಮೇಲಂಗಿಯ ನೇಯ್ಗೆಯಲ್ಲಿ ಗಂಡನ ಹೆಸರಿನ ಮೊದಲಕ್ಷರವಾದ ‘ಎಲ್’ ಇದೆ, ಅವನ ಮನೆತನದ ವಜ್ರದ ಲಾಂಛನವೂ ಇದೆ. ಹಿಂದಿನ ಗೂಡಿನಲ್ಲಿ ಒಂದು ಒಡವೆ, ಒಂದು ಪ್ರಾರ್ಥನಾ ಪುಸ್ತಕ, ಮೇಲೆ ತೂಗುಬಿದ್ದ ಹವಳದ ಜಪಸರ. ಜಪಸರಕ್ಕೂ ಪುಸ್ತಕಕ್ಕೂ ನಡುವೆ, ಅವಳ ಕತ್ತಿನ ಹಿಂದೆ, ಗೋಡೆಗೆ ಒಂದು ಚೀಟಿ ಅಂಟಿಸಿದಂತೆ ಬರೆಯಲಾಗಿದೆ.

ಆ ಚೀಟಿಯ ಲ್ಯಾಟಿನ್ ಸಾಲುಗಳ ತಾತ್ಪರ್ಯ ಇಷ್ಟು: ಕಲೆಯೇ, ಶೀಲವನ್ನೂ ಮನಸ್ಸನ್ನೂ ಚಿತ್ರಿಸುವುದು ನಿನ್ನಿಂದ ಸಾಧ್ಯವಾಗಿದ್ದರೆ, ಭೂಮಿಯ ಮೇಲೆ ಇದಕ್ಕಿಂತ ಸುಂದರವಾದ ಚಿತ್ರ ಬೇರೊಂದು ಇರುತ್ತಿರಲಿಲ್ಲ. ಇದು ರೋಮನ್ ಕವಿ ಮಾರ್ಷಿಯಲ್‌ನ ಒಂದು ಪದ್ಯದಿಂದ ಎತ್ತಿಕೊಂಡದ್ದು, ಮತ್ತು ಮೂಲದಲ್ಲಿ ಆ ಮಾತು ಒಬ್ಬ ಗಂಡಸಿನ ಭಾವಚಿತ್ರದ ಬಗ್ಗೆ ಇತ್ತು. ಮಾರ್ಷಿಯಲ್ ‘ಕಲೆಗೆ ಸಾಧ್ಯವಾಗಿದ್ದರೆ’ ಎಂದಿದ್ದ. ಫ್ಲಾರೆನ್ಸಿನವರು ಕ್ರಿಯಾಪದದ ಕೊನೆಯ ಒಂದಕ್ಷರವನ್ನು ಬದಲಿಸಿ, ಕಲೆಯನ್ನೇ ‘ನೀನು’ ಎಂದು ಸಂಬೋಧಿಸುವಂತೆ ಮಾಡಿದರು. ಇಲ್ಲಿ ಸ್ವಲ್ಪ ನಿಂತು ಗಮನಿಸಬೇಕು. ಚೀಟಿಯಲ್ಲಿ ಮಾತನಾಡುತ್ತಿರುವವನು ಕವಿ, ಅವನು ಮಾತನಾಡಿಸುತ್ತಿರುವುದು ಕಲೆಯನ್ನು. ಜೊವಾನ್ನಾ ಈ ಸಂಭಾಷಣೆಯಲ್ಲಿ ಹೇಳುವವಳೂ ಅಲ್ಲ, ಕೇಳುವವಳೂ ಅಲ್ಲ. ಅವಳ ಬೆನ್ನ ಹಿಂದೆ ಅವಳ ಬಗ್ಗೆ ಇಬ್ಬರು ಮಾತನಾಡಿಕೊಳ್ಳುತ್ತಿದ್ದಾರೆ.

ಈ ಚಿತ್ರ ಇದ್ದದ್ದು ಲೊರೆಂತ್ಸೊನ ಮನೆಯಲ್ಲಿ, ಚಿನ್ನದ ಚಾವಣಿಯ ಕೋಣೆಯೆಂದು ಹೆಸರಾಗಿದ್ದ ಅವನ ಕೋಣೆಯಲ್ಲಿ. ಅವನು ಮತ್ತೆ ಮದುವೆಯಾದ ಮೇಲೂ ಅದು ಅಲ್ಲೇ ಇತ್ತು. 1497ರಲ್ಲಿ, ಊರಿನಿಂದ ಹೊರಹಾಕಿದ್ದ ಮೆಡಿಚಿಗಳನ್ನು ಮರಳಿ ತರುವ ಸಂಚಿನಲ್ಲಿ ಸೇರಿದ್ದನೆಂದು ಅವನ ತಲೆ ಕಡಿದರು. ಆಮೇಲೆ ಮನೆಯ ಸಾಮಾನುಗಳ ಪಟ್ಟಿ ಮಾಡಿದವರು ಈ ಚಿತ್ರವನ್ನೂ ಅದರ ಚಿನ್ನದ ಚೌಕಟ್ಟನ್ನೂ ದಾಖಲಿಸಿದರು. ಒಬ್ಬ ತರುಣಿಯ ನೆನಪಿಗೆ ಗಂಡನ ಮನೆ ಕೊಟ್ಟ ಗೌರವ ಇದರಲ್ಲಿದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗೌರವ ಮತ್ತು ಒಡೆತನ ಇಲ್ಲಿ ಬೇರೆಬೇರೆಯಾಗಿಲ್ಲ.

ಒಡೆತನ ಎಂದು ಸುಮ್ಮನೆ ಹೇಳುತ್ತಿಲ್ಲ. ಆ ಕಾಲದ ಫ್ಲಾರೆನ್ಸಿನಲ್ಲಿ ಮದುವೆಯೆಂದರೆ ಮೊದಲು ವರದಕ್ಷಿಣೆಯ ಲೆಕ್ಕಾಚಾರ. 1425ರಲ್ಲಿ ನಗರಾಡಳಿತ ಒಂದು ವರದಕ್ಷಿಣೆ ನಿಧಿಯನ್ನೇ ಸ್ಥಾಪಿಸಿತು. ಮಗಳು ಚಿಕ್ಕವಳಿರುವಾಗ ಅಪ್ಪ ಅದರಲ್ಲಿ ಹಣ ತೊಡಗಿಸಿದರೆ ಮದುವೆಯ ಹೊತ್ತಿಗೆ ಅದು ಬೆಳೆದು ಕೈಗೆ ಬರುತ್ತಿತ್ತು. ವಿಧವೆಯಾಗಿದ್ದ ಅಲೆಸ್ಸಾಂದ್ರಾ ಮಾಚಿಂಗಿ ಸ್ತ್ರೋತ್ಸಿ 1447ರಲ್ಲಿ ಊರು ಬಿಟ್ಟು ದೂರವಿದ್ದ ಮಗನಿಗೆ ಬರೆದ ಪತ್ರದಲ್ಲಿ, ಮಗಳು ಕತೆರೀನಾಳಿಗೆ ರೇಷ್ಮೆ ವ್ಯಾಪಾರಿಯ ಮನೆಯ ಸಂಬಂಧ ಗೊತ್ತಾದದ್ದನ್ನೂ ಸಾವಿರ ಫ್ಲೋರಿನ್ (ಚಿನ್ನದ ನಾಣ್ಯ) ವರದಕ್ಷಿಣೆಯನ್ನೂ ತಿಳಿಸಿ, ಹುಡುಗಿ ಮನೆಯಿಂದ ಹೊರಡುವಾಗ ಅವಳ ಮೈಮೇಲೆ ನಾನೂರು ಫ್ಲೋರಿನ್‌ಗೂ ಹೆಚ್ಚು ಬೆಲೆಯ ಉಡುಗೆ ತೊಡುಗೆ ಇರುತ್ತದೆ ಎನ್ನುತ್ತಾಳೆ. ತಾಯಿಯ ಹೆಮ್ಮೆ ಆ ಮಾತಿನಲ್ಲಿ ಕೇಳುತ್ತದೆ, ಲೆಕ್ಕವೂ ಕೇಳುತ್ತದೆ. ಭಾವಚಿತ್ರಗಳಲ್ಲಿ ಮುತ್ತು, ಮಾಣಿಕ್ಯ, ಕಸೂತಿಗಳನ್ನು ಅಷ್ಟು ಶ್ರದ್ಧೆಯಿಂದ ಬರೆದಿರುವುದಕ್ಕೆ ಇದೇ ಹಿನ್ನೆಲೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ, ಸುಮಾರು 1440ರಲ್ಲಿ ಫಿಲಿಪ್ಪೊ ಲಿಪ್ಪಿ ಬರೆದ ಚಿತ್ರವೊಂದರಲ್ಲಿ ಕಿಟಕಿಯ ಹೊರಗೆ ಒಬ್ಬ ಗಂಡಸು, ಒಳಗೆ ಪಾರ್ಶ್ವಮುಖದಲ್ಲಿ ಒಬ್ಬ ಹೆಂಗಸು ಇದ್ದಾರೆ. ಅವಳ ತೋಳಿನ ಅಂಚಿನಲ್ಲಿ ಚಿನ್ನದ ದಾರ ಮತ್ತು ಮುತ್ತುಗಳಿಂದ ‘ನಿಷ್ಠೆ’ ಎಂಬರ್ಥದ ಇಟಾಲಿಯನ್ ಪದ ಹೊಲಿದಿದೆ. ಆಡಬೇಕಾದ ಮಾತನ್ನು ಬಾಯಿಯ ಬದಲು ಬಟ್ಟೆ ಆಡುತ್ತಿದೆ.

ಪಾರ್ಶ್ವಮುಖ ಹೆಂಗಸರಿಗೆಂದೇ ಹುಟ್ಟಿದ ಕ್ರಮವಲ್ಲ ಎನ್ನುವುದನ್ನೂ ಹೇಳಬೇಕು. ರೋಮನ್ ನಾಣ್ಯಗಳಲ್ಲಿ ಚಕ್ರವರ್ತಿಗಳ ತಲೆ ಹಾಗೆಯೇ ಇತ್ತು. ಪಿಸಾನೆಲ್ಲೊ ಎರಕ ಹೊಯ್ದ ಪದಕಗಳಲ್ಲಿ ಅರಸರೂ ಹಾಗೆಯೇ ಕಾಣುತ್ತಾರೆ. ಅದು ಘನತೆಯ ಭಂಗಿ. ವ್ಯತ್ಯಾಸವೆಂದರೆ, ಸುಮಾರು 1450ರ ಹೊತ್ತಿಗೆ ಫ್ಲಾರೆನ್ಸಿನ ಗಂಡಸರು ಚಿತ್ರಗಳಲ್ಲಿ ಮುಕ್ಕಾಲು ಮುಖ ತಿರುಗಿಸಿ ನೇರವಾಗಿ ನೋಡತೊಡಗಿದ್ದರು. ಆಂದ್ರೆಯಾ ದೆಲ್ ಕಸ್ತಾನ್ಯೊ ಬರೆದ, ಈಗ ವಾಷಿಂಗ್ಟನ್‌ನಲ್ಲಿರುವ ಕೆಂಪು ಉಡುಪಿನ ಗಂಡಸಿನ ನೋಟದ ಎದುರು ನಾವೇ ಕಣ್ಣು ತಗ್ಗಿಸಬೇಕೆನಿಸುತ್ತದೆ. ಹೆಂಗಸರು ಮಾತ್ರ ಇನ್ನೂ ಇಪ್ಪತ್ತೈದು ಮೂವತ್ತು ವರ್ಷ ಪಕ್ಕಕ್ಕೆ ತಿರುಗಿಯೇ ಉಳಿದರು. ಕುಲೀನ ಹೆಣ್ಣು ಬೀದಿಯಲ್ಲಿ ಕಣ್ಣು ತಗ್ಗಿಸಿ ನಡೆಯಬೇಕೆಂದು ಬೋಧಿಸುತ್ತಿದ್ದ ಸಮಾಜಕ್ಕೆ, ಅವಳನ್ನು ಮನಸಾರೆ ನೋಡಬಹುದು ಆದರೆ ಅವಳು ತಿರುಗಿ ನೋಡುವುದಿಲ್ಲ ಎನ್ನುವ ಈ ಭಂಗಿ ಸರಿಯಾಗಿ ಹೊಂದುತ್ತಿತ್ತು.

ಮುಖ ತಿರುಗಿದ್ದು ಉತ್ತರ ಯೂರೋಪಿನ ಪ್ರಭಾವದಿಂದ. ಇಂದಿನ ಬೆಲ್ಜಿಯಂ ಭಾಗದ ಫ್ಲಾಂಡರ್ಸ್‌ನ ಚಿತ್ರಕಾರರು ಹೆಂಗಸರನ್ನು ಮುಕ್ಕಾಲು ಮುಖದಲ್ಲಿ ಬರೆಯುವುದನ್ನು ಬಹಳ ಮುಂಚೆಯೇ ರೂಢಿಸಿಕೊಂಡಿದ್ದರು, ಮತ್ತು ಕೆನ್ನೆಯ ಉಬ್ಬು ತಗ್ಗುಗಳ ಮೇಲೆ ಬೆಳಕು ಮೆಲ್ಲನೆ ನೆರಳಾಗುವುದನ್ನು ತೋರಿಸಲು ಅವರ ತೈಲವರ್ಣ ಹೇಳಿಮಾಡಿಸಿದಂತಿತ್ತು. ಯಾನ್ ವಾನ್ ಐಕ್ 1439ರಲ್ಲಿ ತನ್ನ ಹೆಂಡತಿ ಮಾರ್ಗರೆಟ್‌ಳನ್ನು ಬರೆದ; ಚಿತ್ರ ಈಗ ಬ್ರೂಜ್ ನಗರದಲ್ಲಿದೆ. ಅವಳು ತುಟಿ ಬಿಗಿದು ನೇರವಾಗಿ ನೋಡುತ್ತಾಳೆ. ಚೌಕಟ್ಟಿನ ಬರಹ ಹೇಳುತ್ತದೆ: ‘ನನ್ನ ಗಂಡ ಯೊಹಾನ್ನೆಸ್ 1439ನೆಯ ಇಸವಿ ಜೂನ್ 17ರಂದು ನನ್ನನ್ನು ಪೂರ್ಣಗೊಳಿಸಿದ, ನನ್ನ ವಯಸ್ಸು 33.’ ಇಲ್ಲಿ ‘ನಾನು’ ಎನ್ನುವ ಹೆಣ್ಣುದನಿ ಇದೆ, ಆದರೆ ವಾಕ್ಯದ ಕರ್ತೃ ಗಂಡ, ಅವಳು ಕರ್ಮಪದ. ಕೆಳಗೆ ‘ನನ್ನಿಂದಾದಷ್ಟು’ ಎಂಬ ಅವನ ಧ್ಯೇಯವಾಕ್ಯವೂ ಇದೆ. ಇದು ಕಡಿಮೆಯೇನಲ್ಲ. ಜೊವಾನ್ನಾಳ ಚೀಟಿಗಿಂತ ಐವತ್ತು ವರ್ಷ ಮೊದಲೇ ಒಬ್ಬ ಹೆಂಗಸು ತನ್ನ ವಯಸ್ಸನ್ನು ತಾನೇ ಹೇಳುವಂತೆ ಮಾಡಿದ ಚಿತ್ರವಿದು.

ಇಟಲಿಯಲ್ಲಿ ಈ ಪಾಠವನ್ನು ಆಳವಾಗಿ ಕಲಿತವನು ಲಿಯೊನಾರ್ದೊ. 1470ರ ದಶಕದಲ್ಲಿ ಅವನು ಬರೆದ ಜಿನೇವ್ರಾ ದೆ ಬೆಂಚಿಯ ಚಿತ್ರ ವಾಷಿಂಗ್ಟನ್‌ನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿದೆ. ಮುಖ ನಮ್ಮತ್ತ ತಿರುಗಿದೆ, ನೋಟ ಮಾತ್ರ ನಮ್ಮನ್ನು ಮುಟ್ಟಿಯೂ ಮುಟ್ಟದಂತಿದೆ. ಒಡವೆಗಳಿಲ್ಲ. ತಲೆಯ ಹಿಂದೆ ಜೂನಿಪರ್ ಪೊದೆ ದಟ್ಟವಾಗಿ ಹಬ್ಬಿದೆ. ಆ ಗಿಡದ ಇಟಾಲಿಯನ್ ಹೆಸರು ಜಿನೇಪ್ರೊ, ಅವಳ ಹೆಸರಿಗೆ ಶ್ಲೇಷ. ಹಸಿ ಬಣ್ಣವನ್ನು ಲಿಯೊನಾರ್ದೊ ಬೆರಳಿನಿಂದಲೇ ಒತ್ತಿ ಹದಗೊಳಿಸಿದ ಗುರುತು ಹಲಗೆಯ ಮೇಲೆ ಇನ್ನೂ ಉಳಿದಿದೆ. ಹಲಗೆಯ ಬೆನ್ನಿನಲ್ಲಿ ಲಾರೆಲ್ ಮತ್ತು ಖರ್ಜೂರದ ಗರಿಗಳ ನಡುವೆ ಜೂನಿಪರ್ ರೆಂಬೆಯೊಂದನ್ನು ಬರೆದು, ‘ಚೆಲುವು ಗುಣವನ್ನು ಅಲಂಕರಿಸುತ್ತದೆ’ ಎಂಬ ಲ್ಯಾಟಿನ್ ವಾಕ್ಯವನ್ನು ಸುತ್ತಲಾಗಿದೆ. ಅವಕೆಂಪು ಕಿರಣಗಳಲ್ಲಿ ಪರೀಕ್ಷಿಸಿದಾಗ ಅದರ ಕೆಳಗೆ ‘ಗುಣ ಮತ್ತು ಗೌರವ’ ಎಂಬ ಇನ್ನೊಂದು ವಾಕ್ಯ ಕಂಡಿತು. ಅದು ಅವಳನ್ನು ಆರಾಧಿಸುತ್ತಿದ್ದ ವೆನಿಸ್‌ನ ರಾಯಭಾರಿ ಬೆರ್ನಾರ್ದೊ ಬೆಂಬೊನ ಧ್ಯೇಯವಾಕ್ಯ. ಜಿನೇವ್ರಾ ಸ್ವತಃ ಕವಯಿತ್ರಿ. ಅವಳ ಕಾವ್ಯದಲ್ಲಿ ಒಂದೇ ಒಂದು ಸಾಲು ಉಳಿದಿದೆ: ‘ಕ್ಷಮೆ ಬೇಡುತ್ತೇನೆ, ನಾನು ಬೆಟ್ಟದ ಹುಲಿ.’ ಹಲಗೆಯ ಬೆನ್ನ ಮೇಲೆ ಎರಡು ಪದರಗಳಲ್ಲಿ ಬೇರೆಯವರ ಮಾತಿಗೆ ಜಾಗ ಸಿಕ್ಕಿತು, ಈ ಸಾಲಿಗೆ ಸಿಗಲಿಲ್ಲ. ಆ ಚಿತ್ರವನ್ನು ನೋಡುವಾಗಲೆಲ್ಲ ಇದು ನನಗೆ ನೋವುಂಟುಮಾಡುತ್ತದೆ.

ಮುಖ ತಿರುಗಿದ ಮೇಲೆ, ತಮ್ಮ ಚಿತ್ರದ ಬಗ್ಗೆ ತಾವೇ ಅಭಿಪ್ರಾಯ ಹೇಳುವ ಹೆಂಗಸರೂ ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಇವರು ಬರೆಸಿಕೊಂಡವರು. ಇಟಲಿಯ ಮಾಂತುವಾ ಸಂಸ್ಥಾನದ ಒಡೆಯನ ಹೆಂಡತಿ ಇಸಬೆಲ್ಲಾ ದೆಸ್ತೆ 1498ರಲ್ಲಿ ಮಿಲಾನಿನ ಚೆಚೀಲಿಯಾ ಗಲ್ಲೆರಾನಿಗೆ ಪತ್ರ ಬರೆದು, ಲಿಯೊನಾರ್ದೊ ಬರೆದ ಅವಳ ಚಿತ್ರವನ್ನು ನೋಡಲು ಕಳಿಸಿಕೊಡುವಂತೆ ಕೇಳಿದಳು. ಎರ್ಮಿನ್ ಎಂಬ ಬಿಳಿಯ ಪ್ರಾಣಿಯನ್ನು ತೋಳಿನಲ್ಲಿ ಹಿಡಿದ, ಈಗ ಪೋಲೆಂಡಿನ ಕ್ರಾಕೊವ್‌ನಲ್ಲಿರುವ ಪ್ರಸಿದ್ಧ ಚಿತ್ರವೇ ಅದು. ಚೆಚೀಲಿಯಾ ಕಳಿಸಿಕೊಟ್ಟಳು, ಜೊತೆಗೆ ಒಂದು ಮಾತನ್ನೂ ಸೇರಿಸಿದಳು: ಚಿತ್ರ ಈಗ ನನ್ನನ್ನು ಹೋಲುವುದಿಲ್ಲ, ಅದು ಚಿತ್ರಕಾರನ ದೋಷವಲ್ಲ, ನಾನಿನ್ನೂ ಬೆಳೆಯದ ವಯಸ್ಸಿನಲ್ಲಿ ಅದನ್ನು ಬರೆದದ್ದು, ಆಮೇಲೆ ನಾನು ಪೂರ್ತಿ ಬದಲಾಗಿದ್ದೇನೆ. ಚಿತ್ರದಲ್ಲಿ ಅವಳು ಕೇಳಿಸಿಕೊಳ್ಳುತ್ತಿರುವಂತಿದೆ, ಮಾತನಾಡುವುದಿಲ್ಲ ಎಂದು ಆಸ್ಥಾನಕವಿ ಬೆಲ್ಲಿಂಚೊನಿ ಸಾನೆಟ್ ಬರೆದು ಹೊಗಳಿದ್ದ. ಪತ್ರದಲ್ಲಿ ಅವಳು ಎಷ್ಟು ಸ್ಪಷ್ಟವಾಗಿ ಮಾತನಾಡಿದ್ದಾಳೆ ನೋಡಿ. ಇಸಬೆಲ್ಲಾ ಇನ್ನೂ ಮುಂದೆ ಹೋದಳು. ಅರವತ್ತು ದಾಟಿದಾಗ ತಿಷಿಯನ್‌ಗೆ ತನ್ನ ಹಳೆಯ ಚಿತ್ರವೊಂದನ್ನು ಮಾದರಿಯಾಗಿ ಒದಗಿಸಿ, ತನ್ನನ್ನು ತರುಣಿಯಾಗಿ ಬರೆಸಿಕೊಂಡಳು. 1536ರ ಆ ಚಿತ್ರ ವಿಯೆನ್ನಾದಲ್ಲಿದೆ. ಅದು ಕೈಸೇರಿದಾಗ, ಆ ವಯಸ್ಸಿನಲ್ಲಾದರೂ ತನಗೆ ಅಷ್ಟು ಚೆಲುವು ಇದ್ದಿತೇ ಎಂಬ ಸಂಶಯವನ್ನು ಅವಳೇ ಪತ್ರದಲ್ಲಿ ತೋಡಿಕೊಂಡಳು. ಇದನ್ನು ಬರಿಯ ಅಲಂಕಾರಪ್ರಿಯತೆಯೆಂದು ತಳ್ಳಿಹಾಕುವವರನ್ನು ನಾನು ಒಪ್ಪಲಾರೆ. ಗಂಡ ಸೆರೆಯಲ್ಲಿದ್ದಾಗ ಸಂಸ್ಥಾನವನ್ನು ಆಳಿದವಳು ಅವಳು. ತನ್ನ ಮುಖ ಮುಂದಿನವರಿಗೆ ಹೇಗೆ ಕಾಣಬೇಕೆಂಬುದು ಅವಳಿಗೆ ರಾಜಕಾರಣದ ವಿಷಯವಾಗಿತ್ತು.

ಇನ್ನು ಬರೆದುಕೊಂಡವರ ಕಡೆಗೆ ಬರುತ್ತೇನೆ. ಸ್ವಚಿತ್ರವೆಂದರೆ ಎಲ್ಲರಿಗೂ ಮೊದಲು ನೆನಪಾಗುವವನು ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್. 13ನೆಯ ವಯಸ್ಸಿನಲ್ಲಿ ಬೆಳ್ಳಿಯ ಮೊನೆಯಿಂದ ತನ್ನನ್ನು ಗೀಚಿಕೊಂಡವನು 1500ರಲ್ಲಿ, ಕ್ರಿಸ್ತನನ್ನು ಬರೆಯುವಂತೆ ತನ್ನನ್ನು ಎದುರುಮುಖವಾಗಿ ಬರೆದುಕೊಂಡ. ಅವನ ಬಗ್ಗೆ ಬೇಕಾದಷ್ಟು ಬರಹಗಳಿರುವುದರಿಂದ ಇಲ್ಲಿ ಎರಡೇ ಸಂಗತಿಗಳನ್ನು ಹೇಳುತ್ತೇನೆ. 1514ರ ಮಾರ್ಚ್‌ನಲ್ಲಿ ಅವನು ಇದ್ದಿಲಿನಿಂದ ತನ್ನ ತಾಯಿ ಬಾರ್ಬರಾಳನ್ನು ಬರೆದ. 18 ಮಕ್ಕಳನ್ನು ಹೆತ್ತು, ಕತ್ತಿನ ನರಗಳು ಎದ್ದು ಕಾಣುವಷ್ಟು ಬಡಕಲಾಗಿದ್ದ 63ರ ಮುದುಕಿ. ಎರಡು ತಿಂಗಳಲ್ಲಿ ತೀರಿಕೊಂಡಳು. ಮದುವಣಗಿತ್ತಿಯರಿಂದ ತುಂಬಿದ ಆ ಕಾಲದ ಸ್ತ್ರೀ ಭಾವಚಿತ್ರಗಳ ನಡುವೆ ಇಷ್ಟು ಪ್ರಾಮಾಣಿಕವಾದ ಇನ್ನೊಂದನ್ನು ನಾನು ಕಂಡಿಲ್ಲ. ಎರಡನೆಯದು 1521ರದು. ಆಂಟ್ವೆರ್ಪ್‌ನಲ್ಲಿ ಅವನು ಸುಮಾರು 18 ವರ್ಷದ ಸುಸನ್ನಾ ಹೊರೆನ್‌ಬೌಟ್ ಬರೆದ ಕ್ರಿಸ್ತನ ಚಿಕ್ಕ ಚಿತ್ರವನ್ನು ಒಂದು ಫ್ಲೋರಿನ್ ಕೊಟ್ಟು ಕೊಂಡು, ಹೆಣ್ಣೊಬ್ಬಳು ಇಷ್ಟೆಲ್ಲ ಮಾಡಬಲ್ಲಳೆಂಬುದು ದೊಡ್ಡ ಆಶ್ಚರ್ಯವೆಂದು ದಿನಚರಿಯಲ್ಲಿ ಬರೆದುಕೊಂಡ. ಅವನು ಮೆಚ್ಚಿಯೇ ಆಡಿದ ಮಾತದು. ಆದರೆ ಮುಂದಿನ ಎಲ್ಲ ಕಲಾವಿದೆಯರೂ ಎದುರಿಸಬೇಕಾಗಿ ಬಂದದ್ದು ಇದೇ ಆಶ್ಚರ್ಯವನ್ನು: ಇದನ್ನು ನಿಜವಾಗಿ ಅವಳೇ ಬರೆದಳೇ?

ಈ ಸಂಶಯಕ್ಕೆ ಕೊಟ್ಟ ಉತ್ತರವೇ ಸ್ವಚಿತ್ರ. ಬಾಸೆಲ್‌ನಲ್ಲಿ ಆಂಟ್ವೆರ್ಪ್‌ನ ಕತರೀನಾ ವಾನ್ ಹೆಮೆಸೆನ್ ಬರೆದ ಚಿಕ್ಕ ಹಲಗೆಯೊಂದಿದೆ. ಕಪ್ಪು ಉಡುಪು, ಕೆಂಪು ಮಖಮಲ್ಲಿನ ತೋಳು. ಬಣ್ಣದ ಕೆಲಸಕ್ಕೆ ಯಾರೂ ಉಡದ ಬಟ್ಟೆ. ಕೈಯಲ್ಲಿ ಕುಂಚ, ಕೈ ಅಲುಗದಂತೆ ಆನಿಸಿಕೊಳ್ಳುವ ಉದ್ದನೆಯ ಕೋಲು, ಎದುರಿಗೆ ಬರೆಯುವ ಹಲಗೆಯನ್ನು ನಿಲ್ಲಿಸುವ ಈಸೆಲ್. ಈಸೆಲ್ಲಿನ ಮೇಲಿನ ಹಲಗೆ ಹೆಚ್ಚುಕಡಿಮೆ ಖಾಲಿ. ಮೇಲಿನ ಮೂಲೆಯಲ್ಲಿ ಒಂದು ಮುಖ ಮಾತ್ರ ಮೂಡಿದೆ. ಕಲಾವಿದರು ಈಸೆಲ್ಲಿನ ಎದುರು ಕೆಲಸದಲ್ಲಿರುವಂತೆ ತಮ್ಮನ್ನು ಬರೆದುಕೊಂಡ ಅತ್ಯಂತ ಹಳೆಯ ಚಿತ್ರಗಳಲ್ಲಿ ಇದು ಒಂದು, ಗಂಡಸರದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಹಿನ್ನೆಲೆಯ ಮೇಲೆ ಅವಳು ಬರೆದಿರುವುದು: ‘ನಾನು ಕತರೀನಾ ವಾನ್ ಹೆಮೆಸೆನ್ ನನ್ನನ್ನು ಬರೆದುಕೊಂಡೆ, 1548, ವಯಸ್ಸು 20.’ ಮಾರ್ಗರೆಟ್‌ಳ ಚೌಕಟ್ಟನ್ನು ನೆನಪಿಸಿಕೊಳ್ಳಿ. ಅಲ್ಲಿ ‘ಗಂಡ ನನ್ನನ್ನು’ ಎಂದಿದ್ದ ವಾಕ್ಯ ಇಲ್ಲಿ ‘ನಾನು ನನ್ನನ್ನು’ ಎಂದಾಗಿದೆ. ಕರ್ತೃ ಮತ್ತು ಕರ್ಮ ಒಂದೇ ಹೆಣ್ಣಾಗಲು ನೂರಒಂಬತ್ತು ವರ್ಷ ಬೇಕಾಯಿತು. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಈ ಸಾಲಿನಲ್ಲಿದೆ. 1554ರಲ್ಲಿ ಅವಳು ಆರ್ಗನ್ ವಾದಕನೊಬ್ಬನನ್ನು ಮದುವೆಯಾದಳು; ಅವಳದೆಂದು ಖಚಿತವಾಗಿ ತಿಳಿದಿರುವ ಚಿತ್ರಗಳು ಅಲ್ಲಿಗೆ ನಿಲ್ಲುತ್ತವೆ.

ಸೊಫೊನಿಸ್ಬಾ ಅಂಗ್ವಿಸ್ಸೋಲಾ ಸುಮಾರು 1532ರಲ್ಲಿ ಕ್ರೆಮೋನಾದಲ್ಲಿ ಹುಟ್ಟಿದಳು. ಆರು ಹೆಣ್ಣುಮಕ್ಕಳು, ಒಬ್ಬ ಮಗ, ಅವಳೇ ಹಿರಿಯಳು. ಪ್ರಾಚೀನ ಕಾರ್ತೇಜಿನ ವೀರರ ಹೆಸರುಗಳನ್ನು ಇಟ್ಟುಕೊಳ್ಳುವುದು ಆ ಮನೆತನದ ರೂಢಿ: ತಂದೆ ಅಮಿಲ್ಕಾರೆ, ತಮ್ಮ ಅಸ್ದ್ರುಬಾಲೆ. ಚಿತ್ರಕಾರನ ಮಗಳಲ್ಲದ, ಕುಲೀನ ಮನೆಯ ಹುಡುಗಿ ಗುರುವಿನ ಬಳಿ ಚಿತ್ರ ಕಲಿಯಲು ಹೋಗುವುದು ಅಪರೂಪವಾಗಿದ್ದ ಕಾಲದಲ್ಲಿ ಅಮಿಲ್ಕಾರೆ ಅವಳನ್ನು ಬೆರ್ನಾರ್ದಿನೊ ಕಂಪಿಯ ಬಳಿಗೆ ಕಳಿಸಿದ. ಬೆತ್ತಲೆ ಮೈಯನ್ನು ನೋಡಿ ಬರೆಯುವ ಅಭ್ಯಾಸ ಹೆಂಗಸರಿಗೆ ನಿಷಿದ್ಧವಾಗಿದ್ದರಿಂದ ಪುರಾಣ, ಇತಿಹಾಸಗಳ ದೊಡ್ಡ ಚಿತ್ರಗಳ ದಾರಿ ಅವಳಿಗೆ ಮುಚ್ಚಿತ್ತು. ಉಳಿದದ್ದು ಮನೆಯವರ ಮುಖ ಮತ್ತು ಕನ್ನಡಿಯಲ್ಲಿನ ತನ್ನ ಮುಖ. ಆ ಇಕ್ಕಟ್ಟಿನಲ್ಲೇ ಅವಳು ತನ್ನ ಕಾಲದ ಇಟಲಿಯಲ್ಲಿ ಬೇರೆ ಯಾರೂ ಬರೆದುಕೊಳ್ಳದಷ್ಟು ಸ್ವಚಿತ್ರಗಳನ್ನು ಬರೆದುಕೊಂಡಳು.

ವಿಯೆನ್ನಾದಲ್ಲಿರುವ 1554ರ ಚಿತ್ರ ಅಂಗೈಗಿಂತ ತುಸು ದೊಡ್ಡದು, ಸುಮಾರು 20 ಸೆಂಟಿಮೀಟರ್ ಎತ್ತರ. ಕಪ್ಪು ಅಂಗಿ, ಬಿಳಿಯ ಕೊರಳಪಟ್ಟಿ, ಬಿಗಿಯಾಗಿ ಬಾಚಿದ ಕೂದಲು, ಒಡವೆಯ ಸುಳಿವಿಲ್ಲ. ಅಗಲವಾದ ಕಣ್ಣುಗಳು. ಕೈಯಲ್ಲಿ ತೆರೆದು ಹಿಡಿದ ಚಿಕ್ಕ ಪುಸ್ತಕದ ಪುಟಗಳ ಮೇಲೆ ಬರೆದಿದೆ: ‘ಸೊಫೊನಿಸ್ಬಾ ಅಂಗ್ವಿಸ್ಸೋಲಾ, ಕನ್ಯೆ, ತನ್ನನ್ನು ತಾನೇ ಮಾಡಿಕೊಂಡಳು, 1554.’ ‘ಬರೆದುಕೊಂಡಳು’ ಎನ್ನದೆ ‘ಮಾಡಿಕೊಂಡಳು’ ಎಂಬರ್ಥ ಬರುವ ಲ್ಯಾಟಿನ್ ಕ್ರಿಯಾಪದವನ್ನು ಬಳಸಿದ್ದಾಳೆ. ಕಲಾವಿದರು ಸಹಿಯ ಜೊತೆ ಸಾಮಾನ್ಯವಾಗಿ ಬಳಸುತ್ತಿದ್ದ ಪದವೇ ಹೌದು, ಆದರೂ ಅದರ ಪಕ್ಕದಲ್ಲಿ ‘ತನ್ನನ್ನು’ ಎಂದು ಬಂದಾಗ ಅದಕ್ಕೆ ಬೇರೆಯೇ ತೂಕ ಬರುತ್ತದೆ.

‘ಕನ್ಯೆ’ ಎಂಬ ಪದ ಇಂದಿನ ಓದುಗರಿಗೆ ಇರಿಸುಮುರಿಸು ತರಬಹುದು. ಅವಳ ಸಹಿಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಮದುವೆಯಾಗದ ಹೆಣ್ಣಿನ ಮರ್ಯಾದೆಯನ್ನು ಅದು ಕಾಯುತ್ತಿತ್ತು ಎನ್ನುವುದು ನಿಜ, ಆದರೆ ಅದಕ್ಕೆ ಇನ್ನೊಂದು ಬೇರು ಇದೆ. ರೋಮಿನ ಪ್ಲೀನಿ ತನ್ನ ವಿಶ್ವಕೋಶದಲ್ಲಿ ಇಯಾಯಾ ಎಂಬ ಚಿತ್ರಕಾರ್ತಿಯ ಬಗ್ಗೆ ಬರೆದಿದ್ದ: ಅವಳು ಜೀವನವಿಡೀ ಕನ್ಯೆಯಾಗಿದ್ದಳು, ಹೆಚ್ಚಾಗಿ ಹೆಂಗಸರನ್ನೇ ಬರೆಯುತ್ತಿದ್ದಳು, ಕನ್ನಡಿ ನೋಡಿ ತನ್ನನ್ನೂ ಬರೆದುಕೊಂಡಳು, ಅವಳ ಚಿತ್ರಗಳಿಗೆ ಆ ಕಾಲದ ಹೆಸರಾಂತ ಗಂಡಸರ ಚಿತ್ರಗಳಿಗಿಂತ ಹೆಚ್ಚಿನ ಬೆಲೆ ಸಿಗುತ್ತಿತ್ತು. 14ನೆಯ ಶತಮಾನದಲ್ಲಿ ಇಟಲಿಯ ಲೇಖಕ ಬೊಕಾಚೊ ಅವಳನ್ನು ಮಾರ್ಷಿಯಾ ಎಂಬ ಹೆಸರಿನಲ್ಲಿ ಮತ್ತೆ ಪ್ರಸಿದ್ಧಗೊಳಿಸಿದ. ಲ್ಯಾಟಿನ್ ಬಲ್ಲ ಓದುಗನಿಗೆ ಕನ್ಯೆ, ಕನ್ನಡಿ, ಸ್ವಚಿತ್ರ ಎಂಬ ಮೂರೂ ಒಟ್ಟಿಗೆ ಕಂಡ ಕೂಡಲೆ ಈ ಕಥೆ ನೆನಪಾಗುವುದು ಸಹಜ. ಬಾಸ್ಟನ್‌ನಲ್ಲಿರುವ, ಸುಮಾರು ಎಂಟು ಸೆಂಟಿಮೀಟರ್ ಎತ್ತರದ ಪುಟ್ಟ ಚಿತ್ರದಲ್ಲಿ ಸೊಫೊನಿಸ್ಬಾ ಒಂದು ದೊಡ್ಡ ಪದಕವನ್ನು ಎದೆಯ ಮುಂದೆ ಗುರಾಣಿಯಂತೆ ಹಿಡಿದಿದ್ದಾಳೆ. ಅದರ ಅಂಚಿನ ಸುತ್ತ, ಕನ್ಯೆ ಸೊಫೊನಿಸ್ಬಾ ಕ್ರೆಮೋನಾದಲ್ಲಿ ಕನ್ನಡಿ ನೋಡಿ ತನ್ನ ಕೈಯಿಂದಲೇ ಬರೆದದ್ದು ಎಂದಿದೆ. ಹಳೆಯ ಕಲಾವಿದೆಯೊಬ್ಬಳ ವಂಶಕ್ಕೆ ತನ್ನನ್ನು ಸೇರಿಸಿಕೊಳ್ಳುವ ಮಾತು ಇದೆಂದು ನಾನು ಓದುತ್ತೇನೆ.

ಕನ್ನಡಿ ಎಂದಾಗ ನಿಮ್ಮ ಮೂಲ ಪ್ರಶ್ನೆಗೆ ಮರಳಬೇಕಾಗುತ್ತದೆ. ಸೊಫೊನಿಸ್ಬಾ ನಮ್ಮನ್ನು ದಿಟ್ಟಿಸುತ್ತಾಳೆ ಎಂದಿರಿ. ಬರೆಯುವ ಹೊತ್ತಿನಲ್ಲಿ ಅವಳು ದಿಟ್ಟಿಸುತ್ತಿದ್ದದ್ದು ಕನ್ನಡಿಯನ್ನು, ಅಂದರೆ ತನ್ನನ್ನು. ಕೆಲಸದಲ್ಲಿ ಮುಳುಗಿದ ಕಣ್ಣು ಅದು. ಮೂಗಿನ ನೆರಳು ಎಲ್ಲಿ ಮುಗಿಯುತ್ತದೆ, ತುಟಿಯ ಅಂಚು ಎಷ್ಟು ಕೆಂಪು ಎಂದು ಅಳೆಯುತ್ತಿರುವ ಕಣ್ಣು. ಆ ನೋಟದ ದಾರಿಯಲ್ಲಿ ಆಮೇಲೆ ಬಂದು ನಿಂತವರು ನಾವು. ಲಿಯೊನಾರ್ದೊನ ಜಿನೇವ್ರಾಳಿಗೂ ಇವಳಿಗೂ ಇರುವ ವ್ಯತ್ಯಾಸ ಮುಖದ ಕೋನದಲ್ಲಿಲ್ಲ, ಇದರಲ್ಲಿದೆ.

ಅವಳ ಕೈಯಲ್ಲಿ ಬೇರೆ ಹೆಂಗಸರ ಚಿತ್ರವೂ ಬದಲಾಯಿತು ಎನ್ನಲು ಪೋಲೆಂಡಿನ ಪೊಜ್ನಾನ್‌ನಲ್ಲಿರುವ 1555ರ ಚಿತ್ರ ಸಾಕು. ಮೂವರು ತಂಗಿಯರು ಚದುರಂಗ ಆಡುತ್ತಿದ್ದಾರೆ. ಲೂಚಿಯಾ ನಡೆ ಮುಗಿಸಿದ್ದಾಳೆ. ಮಿನೆರ್ವಾ ಏನೋ ಹೇಳಲೆಂದು ಕೈಯೆತ್ತಿದ್ದಾಳೆ, ಬಾಯಿ ಅರೆ ತೆರೆದಿದೆ. ಪುಟ್ಟ ಯುರೋಪಾ ಅಕ್ಕನ ಪಾಡು ನೋಡಿ ನಗುತ್ತಿದ್ದಾಳೆ. ಮನೆಗೆಲಸದ ಮುದುಕಿ ಬದಿಯಿಂದ ಇಣುಕುತ್ತಿದ್ದಾಳೆ. ನಗು, ಮಾತು, ಆಟ, ಜಾಣತನ: ಫ್ಲಾರೆನ್ಸಿನ ಮದುವಣಗಿತ್ತಿಯರ ಚಿತ್ರಗಳಲ್ಲಿ ಇವುಗಳಲ್ಲಿ ಒಂದೂ ಇಲ್ಲ. ನಮ್ಮ ಚದುರಂಗದಲ್ಲಿ ಮಂತ್ರಿಯೆನ್ನುವ ಕಾಯಿ ಯೂರೋಪಿನಲ್ಲಿ ರಾಣಿ. ಅದಕ್ಕೆ ಹಲಗೆಯ ಉದ್ದಗಲಕ್ಕೂ ಓಡುವ ಶಕ್ತಿ ಬಂದದ್ದು 15ನೆಯ ಶತಮಾನದ ಕೊನೆಯಲ್ಲಿ, ಅಂದರೆ ಈ ಹುಡುಗಿಯರು ಆಡುತ್ತಿದ್ದುದು ರಾಣಿಯೇ ಬಲಶಾಲಿಯಾದ ಹೊಸ ಆಟ. ಲೂಚಿಯಾ ತಲೆಯೆತ್ತಿ ನಮ್ಮತ್ತ ನೋಡುತ್ತಾಳೆ. ಅವಳು ನೋಡುತ್ತಿರುವುದು ಎದುರಿಗೆ ಕುಳಿತು ಬರೆಯುತ್ತಿರುವ ಅಕ್ಕನನ್ನು ಎಂದು ತಿಳಿದ ಮೇಲೆ ಆ ನೋಟದ ಸಲಿಗೆ ಅರ್ಥವಾಗುತ್ತದೆ. ಚದುರಂಗದ ಹಲಗೆಯ ಅಂಚಿನಲ್ಲಿ, ಅಮಿಲ್ಕಾರೆಯ ಮಗಳು ತನ್ನ ಮೂವರು ತಂಗಿಯರನ್ನೂ ಸೇವಕಿಯನ್ನೂ ನೋಡಿ ಬರೆದಳು ಎಂಬ ಸಹಿಯಿದೆ. ಕಲಾವಿದರ ಜೀವನಚರಿತ್ರೆಗಳನ್ನು ಬರೆದ ವಸಾರಿ 1566ರಲ್ಲಿ ಈ ಚಿತ್ರವನ್ನು ಅವರ ಮನೆಯಲ್ಲೇ ನೋಡಿ, ಅವರಿಗೆ ಜೀವವಿದೆ, ಮಾತೊಂದೇ ಕಡಿಮೆ ಎಂದ.

ಸಿಯೆನಾದಲ್ಲಿರುವ, ಸುಮಾರು 1559ರ ಇನ್ನೊಂದು ಚಿತ್ರವನ್ನು ನಾನು ಪಾಠ ಹೇಳುವಾಗ ಎಲ್ಲಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟಿರುತ್ತೇನೆ. ಗುರು ಕಂಪಿ ಈಸೆಲ್ಲಿನ ಎದುರು ನಿಂತು ಸೊಫೊನಿಸ್ಬಾಳ ಚಿತ್ರ ಬರೆಯುತ್ತಿದ್ದಾನೆ, ಕತ್ತು ತಿರುಗಿಸಿ ನಮ್ಮತ್ತ ನೋಡುತ್ತಿದ್ದಾನೆ. ಅವನು ಬರೆಯುತ್ತಿರುವ ಚಿತ್ರದಲ್ಲಿನ ಸೊಫೊನಿಸ್ಬಾ ಅವನಿಗಿಂತ ದೊಡ್ಡದಾಗಿ, ಎತ್ತರದಲ್ಲಿ ಇದ್ದಾಳೆ. ಮೇಲುನೋಟಕ್ಕೆ ಇದು ಶಿಷ್ಯೆಯ ಗುರುವಂದನೆ: ನನ್ನನ್ನು ರೂಪಿಸಿದವನು ಇವನು. ಆದರೆ ಇಡೀ ಚಿತ್ರ, ಗುರುವೂ ಅವನ ಕುಂಚವೂ ಸೇರಿದಂತೆ, ಅವಳ ಕೈಯ ಕೆಲಸ. ಬರೆಯುವವನನ್ನು ಬರೆದು, ಅವನಿಂದ ತನ್ನನ್ನು ಬರೆಸಿಕೊಂಡಂತೆ ತೋರಿಸಿ, ಒಟ್ಟಿನಲ್ಲಿ ತನ್ನನ್ನು ತಾನೇ ಬರೆದುಕೊಂಡಿದ್ದಾಳೆ. ನಾನು ಮೊದಲು ಹೇಳಿದ ಮೂರೂ ಕ್ರಿಯಾಪದಗಳು ಈ ಒಂದು ಚಿತ್ರದಲ್ಲಿ ಸೇರಿವೆ.

ಇಂಥ ಚಿತ್ರಗಳಿಗೆ ಬೇಡಿಕೆ ಹುಟ್ಟಿದ್ದಕ್ಕೆ ಕಾರಣವನ್ನೂ ಮುಚ್ಚಿಡಬಾರದು. ಕವಿ ಅನ್ನಿಬಾಲೆ ಕಾರೊ 1558ರಲ್ಲಿ ಅವಳ ತಂದೆಗೆ ಬರೆದು, ಅವಳ ಸ್ವಚಿತ್ರವೊಂದು ಸಿಕ್ಕಿದರೆ ಒಂದೇ ವಸ್ತುವಿನಲ್ಲಿ ಎರಡು ಅದ್ಭುತಗಳನ್ನು ತೋರಿಸಬಹುದು, ಕೃತಿ ಒಂದು, ಕಲಾವಿದೆ ಇನ್ನೊಂದು ಎಂದ. ಡ್ಯೂರರ್‌ನ ಆಶ್ಚರ್ಯ ಇಲ್ಲಿ ಸಂಗ್ರಹಕಾರನ ಆಸೆಯಾಗಿದೆ. ಬೊಲೊನ್ಯಾದ ಲವೀನಿಯಾ ಫೊಂತಾನಾ 1577ರಲ್ಲಿ ಬರೆದುಕೊಂಡ ಚಿತ್ರವಂತೂ ಮಾವನಾಗಲಿದ್ದವನಿಗೆ ಕಳಿಸಿದ್ದು. ಅವಳು ವಾದ್ಯದ ಮುಂದೆ ಕೆಂಪು ಉಡುಪಿನಲ್ಲಿ ಕುಳಿತಿದ್ದಾಳೆ, ಸೇವಕಿ ಸ್ವರಪುಸ್ತಕ ಹಿಡಿದಿದ್ದಾಳೆ, ದೂರದ ಕಿಟಕಿಯ ಬಳಿ ಖಾಲಿ ಈಸೆಲ್ ನಿಂತಿದೆ. ಮೂಲೆಯ ಬರಹದಲ್ಲಿ ಮತ್ತೆ ಅದೇ ಕನ್ಯೆ, ಅದೇ ಕನ್ನಡಿ. ಆ ಈಸೆಲ್ಲೇ ಅವಳ ವರದಕ್ಷಿಣೆ. ಅವಳ ದುಡಿಮೆಯನ್ನೇ ನೆಚ್ಚಿ ಮದುವೆಯ ಕರಾರು ಆಯಿತು. 11 ಮಕ್ಕಳನ್ನು ಹೆತ್ತೂ ಅವಳು ಕುಂಚ ಕೆಳಗಿಡದೆ ಮನೆ ನಡೆಸಿದಳು. ಜೊವಾನ್ನಾಳ ಗೂಡಿನಲ್ಲಿ ಒಡವೆ ಇದ್ದ ಜಾಗಕ್ಕೆ ಈಗ ಈಸೆಲ್ ಬಂದಿತ್ತು.

ಸೊಫೊನಿಸ್ಬಾ 1559ರಲ್ಲಿ ಸ್ಪೇನಿನ ರಾಣಿಯ ಸಖಿಯಾಗಿ ಅಲ್ಲಿನ ಆಸ್ಥಾನ ಸೇರಿದಳು. ಅಲ್ಲಿ ಅವಳು ರಾಜಮನೆತನದವರನ್ನು ಬರೆದಳು, ಆದರೆ ಸಖಿಗೆ ಚಿತ್ರ ಮಾರುವ ಸ್ವಾತಂತ್ರ್ಯವಿರಲಿಲ್ಲ, ಸಹಿಯೂ ನಿಂತಿತು. ಅದರ ಫಲವಾಗಿ, ಅವಳು ಬರೆದ, ಈಗ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿರುವ ದೊರೆ ಎರಡನೆಯ ಫಿಲಿಪ್ಪನ ಚಿತ್ರ ಬಹಳ ಕಾಲ ಬೇರೆಯವರ ಹೆಸರಿನಲ್ಲಿತ್ತು. ಅಕ್ಷರಗಳನ್ನು ಓದಿ ಎಂದು ನಾನು ಒತ್ತಿ ಹೇಳುತ್ತಿರುವುದಕ್ಕೆ ಇದೂ ಒಂದು ಕಾರಣ. ಕ್ರೆಮೋನಾದಲ್ಲಿ ಹಟ ಹಿಡಿದು ಬರೆದ ಸಹಿಗಳು ಇಲ್ಲದಿದ್ದರೆ ಅವೂ ಯಾರದೋ ಹೆಸರಿಗೆ ಸೇರುತ್ತಿದ್ದವು.

ಕೊನೆಯದಾಗಿ ಒಂದು ಪುಟವನ್ನು ನಿಮ್ಮ ಮುಂದಿಡುತ್ತೇನೆ. ಬ್ರಿಟಿಷ್ ಸಂಗ್ರಹಾಲಯದಲ್ಲಿ ಫ್ಲಾಂಡರ್ಸ್‌ನ ಚಿತ್ರಕಾರ ಆಂತೋನಿ ವಾನ್ ಡೈಕ್‌ನ ಇಟಲಿ ಪ್ರವಾಸದ ಗೀಚುಪುಸ್ತಕವಿದೆ. 1624ರ ಜುಲೈ 12ರಂದು, 25 ವರ್ಷದ ಅವನು ಪಲೆರ್ಮೊದಲ್ಲಿ ಸೊಫೊನಿಸ್ಬಾಳನ್ನು ಕಂಡು ಅವಳ ರೇಖಾಚಿತ್ರ ಬರೆದ. ಅವಳಿಗೆ ಆಗ 96 ವಯಸ್ಸೆಂದು ಅವನು ಗುರುತು ಹಾಕಿಕೊಂಡಿದ್ದಾನೆ; ನಿಜಕ್ಕೂ ತೊಂಬತ್ತರ ಆಚೀಚೆ ಇದ್ದಿರಬೇಕು. ಕುರ್ಚಿಯಲ್ಲಿ ಕುಳಿತ, ತಲೆಗೆ ಮುಸುಕು ಹೊದ್ದ ಮುದುಕಿ. ಚಿತ್ರದ ಸುತ್ತ ಖಾಲಿ ಉಳಿದ ಜಾಗವನ್ನೆಲ್ಲ ಅವನು ಇಟಾಲಿಯನ್ ಬರಹದಿಂದ ತುಂಬಿದ್ದಾನೆ, ಮತ್ತು ಆ ಬರಹದ ಬಹುಭಾಗ ಅವಳಾಡಿದ ಮಾತು. ಕಣ್ಣು ಮಂಜಾಗಿದ್ದರೂ ಚಿತ್ರಗಳನ್ನು ತರಿಸಿಕೊಂಡು ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದಳು. ತನ್ನನ್ನು ಬರೆಯುತ್ತಿದ್ದವನಿಗೆ, ಬೆಳಕನ್ನು ತೀರ ಮೇಲಿನಿಂದ ತೆಗೆದುಕೊಳ್ಳಬೇಡ, ಸುಕ್ಕುಗಳ ನೆರಳು ವಿಪರೀತ ದೊಡ್ಡದಾಗುತ್ತದೆ ಎಂದು ಸೂಚನೆ ಕೊಟ್ಟಳು. ದೃಷ್ಟಿ ಹೋಗಿ ಇನ್ನು ಬರೆಯಲಾಗುವುದಿಲ್ಲ ಎನ್ನುವುದೇ ತನ್ನ ದೊಡ್ಡ ದುಃಖವೆಂದಳು. ಕೈ ಮಾತ್ರ ಇನ್ನೂ ಚೂರೂ ನಡುಗುತ್ತಿರಲಿಲ್ಲ ಎಂದು ವಾನ್ ಡೈಕ್ ಬರೆದಿಟ್ಟಿದ್ದಾನೆ.